ಹಳೇ ಲಿನಕ್ಸ್ ಕಂಪ್ಯೂಟರ್‌ಗೆ ಹಗುರವಾದ ಸರ್ಚ್ ಟೂಲ್: ಆರಿಸುವುದು ಹೇಗೆ, ಹಾಕುವುದು ಹೇಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರ ಕಂಪ್ಯೂಟರ್ ನೋಡಿದರೂ ಅದರಲ್ಲಿ 371ಜೆ ಸರ್ಟಿಫಿಕೇಟಿನ (ಈ ಭಾಗದವರ ಮೀಸಲಾತಿಗೆ ಬೇಕಾದ ಪತ್ರದ) ಒಂದು ಸ್ಕ್ಯಾನ್ ಇದ್ದೇ ಇರುತ್ತದೆ. ಎಲ್ಲಿದೆ ಅನ್ನುವುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಡೌನ್‌ಲೋಡ್ಸ್ ಒಳಗೆ ಇರಬಹುದು, ‘ನ್ಯೂ ಫೋಲ್ಡರ್ 3’ರಲ್ಲಿ ಇರಬಹುದು, ಅಣ್ಣನ ಪೆನ್‌ಡ್ರೈವ್‌ನಿಂದ ಹಾಗೇ ಕಾಪಿ ಮಾಡಿ ಇಟ್ಟ ರಾಶಿಯಲ್ಲಿ ಇರಬಹುದು. ಅರ್ಜಿ ಹಾಕುವ ಕೊನೇ ದಿನ ಸಂಜೆ ಹುಡುಕಾಟ ಶುರುವಾಗುತ್ತದೆ.

ಲಿನಕ್ಸ್‌ನಲ್ಲಿ ಹುಡುಕುವ ಟೂಲ್‌ಗಳಿಗೆ ಬರವಿಲ್ಲ. ಬರ ಇರುವುದು ನಮ್ಮ ಹಳೇ ಯಂತ್ರಗಳ ರ‍್ಯಾಮ್‌ಗೆ. ಹಾಗಾಗಿ ಯಾವ ಟೂಲ್ ಒಳ್ಳೆಯದು ಅಂತ ಕೇಳುವ ಮುಂಚೆ ನಿಮ್ಮ ಫೈಲ್‌ಗಳು ಎಂಥವು ಅಂತ ಒಮ್ಮೆ ನೋಡಿಕೊಳ್ಳಿ. ಬಹಳ ಜನರಿಗೆ ಫೈಲಿನ ಹೆಸರು ಹುಡುಕುವ ಸಣ್ಣ ಟೂಲ್ ಒಂದೇ ಸಾಕು. ಅದು ಗೊತ್ತಿಲ್ಲದೆ ದೊಡ್ಡದನ್ನು ಹಾಕಿಕೊಂಡು, ಆಮೇಲೆ ಲಿನಕ್ಸೇ ನಿಧಾನ ಅಂತ ಬೈಯುವವರು ಜಾಸ್ತಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನೂ ಮೆನು ಹೆಸರುಗಳನ್ನೂ ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿ. ಗೊಂದಲ ಆಗುವ ಕಡೆ ಸ್ಪೆಲಿಂಗ್ ಹೇಳಿದ್ದೇನೆ.

ಹೆಜ್ಜೆ 1: ಹೆಸರು ಹುಡುಕಬೇಕೋ, ಒಳಗಿನ ಬರಹ ಹುಡುಕಬೇಕೋ

ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲದ ಮೇಲಿನ ಗುರುತು ನೋಡಿ ಚೀಲ ಹುಡುಕುವುದು ಬೇರೆ, ಒಂದೊಂದು ಚೀಲಕ್ಕೂ ಕೊಳವೆ ಚುಚ್ಚಿ ಕಾಳು ತೆಗೆದು ನೋಡುವುದು ಬೇರೆ. ಸರ್ಚ್ ಟೂಲ್‌ಗಳಲ್ಲೂ ಇವೇ ಎರಡು ಜಾತಿ. ಮೊದಲನೆಯದು ಫೈಲಿನ ಹೆಸರು, ಅದು ಇರುವ ಫೋಲ್ಡರು, ಅದರ ಸೈಜು, ತಾರೀಕು ಇಷ್ಟನ್ನೇ ಬರೆದಿಟ್ಟುಕೊಳ್ಳುತ್ತದೆ. ಲಕ್ಷಗಟ್ಟಲೆ ಫೈಲ್ ಇದ್ದರೂ ಈ ಪಟ್ಟಿ ಚಿಕ್ಕದು, ಬೇಗ ತಯಾರಾಗುತ್ತದೆ. ಎರಡನೆಯದು ಪ್ರತಿ ಪಿಡಿಎಫ್, ಪ್ರತಿ ವರ್ಡ್ ಫೈಲ್ ತೆರೆದು, ಒಳಗಿನ ಪದಗಳನ್ನೆಲ್ಲ ಆರಿಸಿ ಇಂಡೆಕ್ಸ್ ಕಟ್ಟುತ್ತದೆ. ಇದಕ್ಕೆ ಪ್ರೊಸೆಸರ್, ಡಿಸ್ಕ್, ಸಮಯ ಮೂರೂ ಬೇಕು.

ನೀವು ಈಚೆಗೆ ಏನೇನು ಹುಡುಕಿದಿರಿ ಅಂತ ನೆನಪು ಮಾಡಿಕೊಳ್ಳಿ. ಮಾರ್ಕ್ಸ್ ಕಾರ್ಡ್, ಪಹಣಿ, ಮದುವೆ ಫೋಟೊ, ಯಾವುದೋ ಹಾಡು? ಇವೆಲ್ಲ ಹೆಸರಿನಿಂದ ಸಿಗುವಂಥವು. ಅದೇ ನೀವು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತ ನೂರಾರು ಲೇಖನ ಇಟ್ಟುಕೊಂಡಿದ್ದರೆ, ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರೆ, ‘ಆ ಸರ್ವೆ ನಂಬರ್ ಯಾವ ಅರ್ಜಿಯಲ್ಲಿ ಬರೆದಿದ್ದೆವು’ ಅಂತ ಹುಡುಕುವ ಕೆಲಸ ಇದ್ದರೆ, ಒಳಗಿನ ಬರಹ ಹುಡುಕುವ ಟೂಲ್ ಬೇಕೇ ಬೇಕು.

ಹೆಜ್ಜೆ 2: ಯಂತ್ರ ನೋಡಿ

ಟರ್ಮಿನಲ್‌ನಲ್ಲಿ ‘ಫ್ರೀ’ ಅಂತ ಬರೆದು, ಜಾಗ ಬಿಟ್ಟು, ಹೈಫನ್ ಎಚ್ ಹಾಕಿ ಎಂಟರ್ ಒತ್ತಿ. ‘ಅವೇಲಬಲ್’ ಅನ್ನುವ ಕಾಲಮ್ ನೋಡಿ. ‘ಫ್ರೀ’ ಕಾಲಮ್ ನೋಡಿ ಗಾಬರಿ ಆಗಬೇಡಿ, ಉಳಿದ ರ‍್ಯಾಮನ್ನು ಲಿನಕ್ಸ್ ಸುಮ್ನೆ ಬಿಡುವುದಿಲ್ಲ, ಕ್ಯಾಶ್ ಆಗಿ ಬಳಸುತ್ತಿರುತ್ತದೆ. ಒಟ್ಟು ರ‍್ಯಾಮ್ 2 ಜಿಬಿ ಆದರೆ ಹೆಸರು ಹುಡುಕುವ ಟೂಲ್‌ಗೆ ನಿಲ್ಲಿಸಿ. 4 ಜಿಬಿ ಇದ್ದರೆ ಒಳಗಿನ ಬರಹವನ್ನೂ ಹುಡುಕಬಹುದು, ಆದರೆ ಇಂಡೆಕ್ಸ್ ಕೆಲಸ ಸದಾ ನಡೆಯುವ ಹಾಗೆ ಬಿಡಬಾರದು. ಡಿಸ್ಕ್ ತಿರುಗುವ ಹಳೇ ಹಾರ್ಡ್‌ಡಿಸ್ಕೋ, ಎಸ್‌ಎಸ್‌ಡಿಯೋ ಅನ್ನುವುದು ರ‍್ಯಾಮ್‌ಗಿಂತಲೂ ದೊಡ್ಡ ವಿಷಯ. ಹಾರ್ಡ್‌ಡಿಸ್ಕ್‌ನಲ್ಲಿ ಸಾವಿರಾರು ಸಣ್ಣ ಫೈಲ್ ತೆರೆಯುವ ಕೆಲಸ ಶುರುವಾದರೆ ಬ್ರೌಸರ್ ತೆರೆಯುವುದಕ್ಕೂ ಕಾಯಬೇಕಾಗುತ್ತದೆ.

ಹೆಜ್ಜೆ 3: ಈಗಾಗಲೇ ಇರುವುದನ್ನು ಬಳಸಿ ನೋಡಿ

ಲಿನಕ್ಸ್ ಮಿಂಟ್ ಸಿನಮನ್ ಹಾಕಿದ್ದರೆ ಫೈಲ್ ಮ್ಯಾನೇಜರ್ ಆದ ನೀಮೋದಲ್ಲಿ ಕಂಟ್ರೋಲ್ ಎಫ್ ಒತ್ತಿ. 2021ರಲ್ಲಿ ಬಂದ ಮಿಂಟ್ 20.2ರಿಂದ ಇಲ್ಲಿ ಹೆಸರಿನ ಜೊತೆಗೆ ಒಳಗಿನ ಬರಹವನ್ನೂ ಹುಡುಕಬಹುದು. ಇದು ಇಂಡೆಕ್ಸ್ ಕಟ್ಟುವುದಿಲ್ಲ, ಕೇಳಿದಾಗ ಫೈಲ್ ತೆರೆದು ನೋಡುತ್ತದೆ. ಅದಕ್ಕೇ ಒಂದು ಫೋಲ್ಡರಿಗೆ ಸರಿ, ಇಡೀ ಡಿಸ್ಕಿಗೆ ಸರಿಯಲ್ಲ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುವವರಿಗೆ ಅದರ ಫೈಲ್ ಮ್ಯಾನೇಜರ್ ಆದ ಥುನಾರ್ 4.18ರಿಂದ ಒಳಫೋಲ್ಡರುಗಳನ್ನೂ ಹುಡುಕುವ ಸೌಲಭ್ಯ ಬಂದಿದೆ. ಕ್ಯಾಟ್‌ಫಿಶ್ ಅನ್ನುವ ಪುಟ್ಟ ಟೂಲ್ ಕೂಡ ಚೆನ್ನಾಗಿದೆ, ಝುಬುಂಟುವಿನಲ್ಲಿ ಮೊದಲೇ ಇರುತ್ತದೆ. ಲುಬುಂಟುವಿನ ಫೈಲ್ ಮ್ಯಾನೇಜರ್‌ನಲ್ಲೂ ಫೈಲ್ ಹುಡುಕುವ ಕಿಟಕಿ ಇದೆ.

ದಿನಾ ಬಳಸುವ ಫೋಲ್ಡರು ಒಂದೋ ಎರಡೋ ಆದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು. ಏನೂ ಇನ್‌ಸ್ಟಾಲ್ ಮಾಡಬೇಡಿ.

ಹಳೇ ಬರಹಗಳಲ್ಲಿ ಬೀಗಲ್, ಗೂಗಲ್ ಡೆಸ್ಕ್‌ಟಾಪ್ ಅನ್ನುವ ಹೆಸರು ಕಂಡರೆ ಮುಂದೆ ಹೋಗಿ. ಗೂಗಲ್ ಡೆಸ್ಕ್‌ಟಾಪ್ ಲಿನಕ್ಸ್‌ಗೆ 2007ರಲ್ಲಿ ಬಂದು 2011ರಲ್ಲಿ ನಿಂತುಹೋಯಿತು. ಬೀಗಲ್ ಅದಕ್ಕೂ ಹಿಂದಿನದು, ಅದನ್ನೂ ಈಗ ಯಾರೂ ನೋಡಿಕೊಳ್ಳುತ್ತಿಲ್ಲ. ಡಾಕ್‌ಫೆಚರ್ ಒಳ್ಳೆಯ ಟೂಲೇ, ಆದರೆ ಜಾವಾ ಮೇಲೆ ಓಡುವುದರಿಂದ 2 ಜಿಬಿ ಯಂತ್ರಕ್ಕೆ ನಾನು ಹೇಳುವುದಿಲ್ಲ.

ಹೆಜ್ಜೆ 4: ಹೆಸರಿಗೆ ಎಫ್‌ಸರ್ಚ್

ವಿಂಡೋಸ್‌ನಲ್ಲಿ ‘ಎವೆರಿಥಿಂಗ್’ ಬಳಸಿದವರಿಗೆ ಎಫ್‌ಸರ್ಚ್ ಹೊಸದು ಅನ್ನಿಸುವುದಿಲ್ಲ, ಅದನ್ನು ನೋಡಿಯೇ ಇದನ್ನು ಮಾಡಿದ್ದು. ಸಿ ಭಾಷೆಯಲ್ಲಿ ಬರೆದ ಟೂಲ್. ಪಟ್ಟಿಯನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವುದರಿಂದ ನೀವು ಒಂದೊಂದು ಅಕ್ಷರ ಒತ್ತುವಾಗಲೂ ಫಲಿತಾಂಶ ಅಲ್ಲೇ ಬದಲಾಗುತ್ತ ಹೋಗುತ್ತದೆ.

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಎಫ್ ಅಕ್ಷರ ಬರೆದು, ಜಾಗ ಬಿಡದೆ ಸರ್ಚ್ ಅಂತ ಬರೆದು ಹುಡುಕಿ. ಮಿಂಟ್‌ನಲ್ಲಿ ಇದು ಫ್ಲಾಟ್‌ಪ್ಯಾಕ್ (ತನಗೆ ಬೇಕಾದದ್ದನ್ನೆಲ್ಲ ಜೊತೆಗೇ ತರುವ ಪ್ಯಾಕೇಜ್) ಆಗಿ ಸಿಗುತ್ತದೆ. ಕಾಣದಿದ್ದರೆ ಅಲ್ಲಿನ ಸೆಟ್ಟಿಂಗ್‌ನಲ್ಲಿ ‘ಅನ್‌ವೆರಿಫೈಡ್ ಫ್ಲಾಟ್‌ಪ್ಯಾಕ್’ ತೋರಿಸುವ ಆಯ್ಕೆ ಆನ್ ಮಾಡಿ. ಮೊದಲ ಸಲ ಫ್ಲಾಟ್‌ಪ್ಯಾಕ್ ಹಾಕುವವರು ಗಮನಿಸಿ: ಟೂಲ್ ಚಿಕ್ಕದಾದರೂ ಅದರ ಜೊತೆಗೆ ನೂರಾರು ಎಂಬಿ ಬರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇದ್ದರೆ ದಿನದ ಡೇಟಾ ಎಷ್ಟು ಉಳಿದಿದೆ ನೋಡಿಕೊಂಡು ಶುರು ಮಾಡಿ.

ತೆರೆದ ಮೇಲೆ ಪ್ರಿಫರೆನ್ಸಸ್‌ಗೆ ಹೋಗಿ ಡೇಟಾಬೇಸ್ ಟ್ಯಾಬ್ ಒತ್ತಿ. ‘ಇನ್‌ಕ್ಲೂಡ್’ನಲ್ಲಿ ನಿಮ್ಮ ಹೋಮ್ ಫೋಲ್ಡರ್ ಸೇರಿಸಿ. ‘ಎಕ್ಸ್‌ಕ್ಲೂಡ್’ನಲ್ಲಿ ಅಡಗಿರುವ ಫೈಲ್‌ಗಳನ್ನು ಬಿಡುವ ಆಯ್ಕೆಗೆ ಟಿಕ್ ಹಾಕಿ, ಇಲ್ಲದಿದ್ದರೆ ಬ್ರೌಸರ್ ಕ್ಯಾಶ್‌ನ ಕಸವೆಲ್ಲ ಫಲಿತಾಂಶದಲ್ಲಿ ಬರುತ್ತದೆ. ಟೂಲ್ ತೆರೆದಾಗ ಡೇಟಾಬೇಸ್ ಅಪ್‌ಡೇಟ್ ಆಗುವ ಆಯ್ಕೆ ಆನ್ ಇರಲಿ. ಎಫ್‌ಸರ್ಚ್ ತಾನಾಗಿ ಡಿಸ್ಕ್ ಕಾಯುತ್ತ ಕೂರುವುದಿಲ್ಲ. ಈಗ ತಾನೇ ಡೌನ್‌ಲೋಡ್ ಮಾಡಿದ ಫೈಲ್ ಕಾಣಲಿಲ್ಲ ಅಂದರೆ ಕೈಯಾರೆ ಒಮ್ಮೆ ಅಪ್‌ಡೇಟ್ ಒತ್ತಬೇಕು. ಹಗುರ ಅಂದರೆ ಇದೇ: ನೀವು ಕೇಳದೆ ಏನೂ ಮಾಡುವುದಿಲ್ಲ.

ಹುಡುಕುವಾಗ ಪೂರ್ತಿ ಹೆಸರು ಬೇಕಿಲ್ಲ. ಎರಡು ತುಂಡು ಪದ ಜಾಗ ಬಿಟ್ಟು ಬರೆದರೆ ಎರಡೂ ಇರುವ ಫೈಲ್ ಮಾತ್ರ ತೋರಿಸುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗೂ ಇದು ಸರಿಯಾಗಿ ಕೆಲಸ ಮಾಡುತ್ತದೆ, ಆದರೆ ಪದದ ಚಿಕ್ಕ ಭಾಗ ಮಾತ್ರ ಬರೆಯಿರಿ. ‘ಸಾಫ್ಟ್‌ವೇರ್’ ಥರದ ಪದದಲ್ಲಿ ಒತ್ತಕ್ಷರ ಬೇರೆಯಾಗಿ ನಿಲ್ಲಲಿ ಅಂತ ಕಣ್ಣಿಗೆ ಕಾಣದ ಒಂದು ಗುರುತು ಸೇರಿರುತ್ತದೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ.

ಟರ್ಮಿನಲ್ ಇಷ್ಟ ಇರುವವರಿಗೆ ಇನ್ನೂ ಹಗುರವಾದದ್ದು ಪಿಲೊಕೇಟ್. ಸ್ಪೆಲಿಂಗ್ ಪಿ, ಎಲ್, ಒ, ಸಿ, ಎ, ಟಿ, ಇ. ಹಳೇ ಎಮ್‌ಲೊಕೇಟ್‌ನ ಜಾಗಕ್ಕೆ ಇದು ಬಂದಿದೆ. ಹೆಸರುಗಳನ್ನು ಮೂರು ಮೂರು ಅಕ್ಷರದ ತುಂಡು ಮಾಡಿ ಪಟ್ಟಿ ಇಡುತ್ತದೆ, ಅದಕ್ಕೇ ಅಷ್ಟು ಬೇಗ ಉತ್ತರ. ‘ಲೊಕೇಟ್’ ಬರೆದು, ಹೈಫನ್ ಐ ಹಾಕಿ, ಹುಡುಕಬೇಕಾದ ಪದ ಬರೆದರೆ ದೊಡ್ಡಕ್ಷರ ಸಣ್ಣಕ್ಷರ ಭೇದವಿಲ್ಲದೆ ಹುಡುಕುತ್ತದೆ. ಪಟ್ಟಿ ದಿನಕ್ಕೊಮ್ಮೆ ತಾನೇ ಹೊಸದಾಗುತ್ತದೆ. ಈಗಲೇ ಬೇಕಿದ್ದರೆ ‘ಸುಡೊ ಅಪ್‌ಡೇಟ್‌ಡಿಬಿ’ ಕೊಡಿ.

ಡಿ ಡ್ರೈವ್‌ನ ಫೈಲ್ ಯಾಕೆ ಸಿಗುವುದಿಲ್ಲ

ಇದನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಹಳೇ ವಿಂಡೋಸ್‌ನ ಡಿ ಡ್ರೈವ್ ಹಾಗೇ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕಿರುತ್ತೀರಿ, ಅಲ್ವಾ? ಮುಖ್ಯ ಫೈಲ್‌ಗಳೆಲ್ಲ ಆ ಡಿ ಡ್ರೈವ್‌ನಲ್ಲೇ ಇರುತ್ತವೆ. ಅದನ್ನು ಕ್ಲಿಕ್ ಮಾಡಿದ ಮೇಲೆ ಮಾತ್ರ ಲಿನಕ್ಸ್ ಅದನ್ನು ‘ಮೀಡಿಯಾ’ ಫೋಲ್ಡರಿನ ಕೆಳಗೆ ಜೋಡಿಸುತ್ತದೆ. ಡೆಬಿಯನ್, ಉಬುಂಟು ವಂಶದ ಲಿನಕ್ಸ್‌ಗಳಲ್ಲಿ ಪಿಲೊಕೇಟ್‌ಗೆ ಈ ಮೀಡಿಯಾ ಫೋಲ್ಡರನ್ನು ಬಿಟ್ಟುಬಿಡು ಅಂತ ಮೊದಲೇ ಹೇಳಿಟ್ಟಿರುತ್ತಾರೆ. ಹಾಗಾಗಿ ಡಿ ಡ್ರೈವ್‌ನ ಒಂದು ಫೈಲೂ ಸಿಗುವುದಿಲ್ಲ. ಎಫ್‌ಸರ್ಚ್‌ನಲ್ಲಿ ಆ ಫೋಲ್ಡರ್ ಸೇರಿಸಿದ್ದರೂ, ಡ್ರೈವ್ ಜೋಡಿಸದೆ ಡೇಟಾಬೇಸ್ ಅಪ್‌ಡೇಟ್ ಆದರೆ ಆ ಫೈಲ್‌ಗಳೆಲ್ಲ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಪರಿಹಾರ ಕಷ್ಟದ್ದಲ್ಲ. ‘ಡಿಸ್ಕ್ಸ್’ ಟೂಲ್ ತೆರೆಯಿರಿ. ಡಿ ಡ್ರೈವ್‌ನ ಪಾರ್ಟಿಶನ್ ಆರಿಸಿ, ಗಿಯರ್ ಗುರುತು ಒತ್ತಿ, ‘ಎಡಿಟ್ ಮೌಂಟ್ ಆಪ್ಶನ್ಸ್’ಗೆ ಹೋಗಿ. ಮೇಲಿನ ‘ಯೂಸರ್ ಸೆಶನ್ ಡಿಫಾಲ್ಟ್ಸ್’ ಆಫ್ ಮಾಡಿ, ಕಂಪ್ಯೂಟರ್ ಶುರುವಾಗುವಾಗಲೇ ಮೌಂಟ್ ಆಗುವ, ಅಂದರೆ ಡ್ರೈವ್ ಜೋಡಣೆಯಾಗುವ ಆಯ್ಕೆಗೆ ಟಿಕ್ ಹಾಕಿ. ಮೌಂಟ್ ಪಾಯಿಂಟ್ ಜಾಗದಲ್ಲಿ ಎಮ್‌ಎನ್‌ಟಿ ಫೋಲ್ಡರಿನ ಕೆಳಗೆ ‘ಡೇಟಾ’ ಅಂತ ಕೊಡಿ. ಒಮ್ಮೆ ರೀಸ್ಟಾರ್ಟ್ ಮಾಡಿ. ಇನ್ನು ಮುಂದೆ ಡ್ರೈವ್ ಸದಾ ಒಂದೇ ಜಾಗದಲ್ಲಿ ಇರುತ್ತದೆ, ಎಫ್‌ಸರ್ಚ್‌ನ ‘ಇನ್‌ಕ್ಲೂಡ್’ನಲ್ಲಿ ಈ ಜಾಗ ಸೇರಿಸಿದರೆ ಎರಡೂ ಟೂಲ್‌ಗಳಿಗೆ ಕಾಣುತ್ತದೆ.

ಹೆಜ್ಜೆ 5: ಒಳಗಿನ ಬರಹಕ್ಕೆ ರಿಕಾಲ್

ಸ್ಪೆಲಿಂಗ್ ಆರ್, ಇ, ಸಿ, ಒ, ಎಲ್, ಎಲ್. ಜಾಪಿಯನ್ ಅನ್ನುವ ಸರ್ಚ್ ಎಂಜಿನ್ ಮೇಲೆ ಕಟ್ಟಿದ್ದು, ಬಹಳ ವರ್ಷದಿಂದ ಇದೆ. ಸಾಮಾನ್ಯವಾಗಿ ಎಲ್ಲ ಲಿನಕ್ಸ್‌ಗಳ ಸಾಫ್ಟ್‌ವೇರ್ ಪಟ್ಟಿಯಲ್ಲೂ ಸಿಗುತ್ತದೆ. ಹಗುರವೇ ಅಂತ ಕೇಳಿದರೆ, ಸರಿಯಾಗಿ ಕೂರಿಸಿದರೆ ಹಗುರ. ಹಾಕಿ ಹಾಗೇ ಬಿಟ್ಟರೆ ಅಲ್ಲ.

ಮೊದಲ ಸಲ ತೆರೆದಾಗ ಒಂದು ಕಿಟಕಿ ಬಂದು ಈಗಲೇ ಇಂಡೆಕ್ಸ್ ಶುರು ಮಾಡಲೇ ಅಂತ ಕೇಳುತ್ತದೆ. ಅವಸರ ಬೇಡ. ಅದರಲ್ಲೇ ಇರುವ ‘ಇಂಡೆಕ್ಸಿಂಗ್ ಕಾನ್ಫಿಗರೇಶನ್’ ಒತ್ತಿ. ‘ಟಾಪ್ ಡೈರೆಕ್ಟರೀಸ್’ ಅನ್ನುವಲ್ಲಿ ಇಡೀ ಹೋಮ್ ಫೋಲ್ಡರ್ ಇರುತ್ತದೆ. ಅದನ್ನು ತೆಗೆದು, ಬರಹ ಇರುವ ಫೋಲ್ಡರುಗಳನ್ನು ಮಾತ್ರ ಸೇರಿಸಿ: ಡಾಕ್ಯುಮೆಂಟ್ಸ್, ಲೇಖನಗಳ ಫೋಲ್ಡರ್, ಕೇಸ್ ಫೈಲ್‌ಗಳ ಫೋಲ್ಡರ್. ಇದೊಂದು ಬದಲಾವಣೆಯಿಂದಲೇ ಅರ್ಧ ಭಾರ ಇಳಿಯುತ್ತದೆ. ‘ಸ್ಕಿಪ್ಡ್ ಪಾತ್ಸ್’ನಲ್ಲಿ ಬೇಡದ ಒಳಫೋಲ್ಡರುಗಳನ್ನು ಬರೆಯಿರಿ.

ಡಿಸ್ಕ್‌ನಲ್ಲಿ ಜಾಗ ಇದೆಯೇ ನೋಡಿ. ಬರಹವೇ ಜಾಸ್ತಿ ಇರುವ ಫೋಲ್ಡರಿನ ಇಂಡೆಕ್ಸ್ ಆ ಫೋಲ್ಡರಿನಷ್ಟೇ ದೊಡ್ಡದಾಗಬಹುದು. ಚಿತ್ರಗಳೇ ತುಂಬಿರುವ ಪಿಡಿಎಫ್ ಆದರೆ ತುಂಬಾ ಚಿಕ್ಕದಿರುತ್ತದೆ.

ಇನ್ನು ಸಮಯ. ಪ್ರಿಫರೆನ್ಸಸ್‌ನ ‘ಇಂಡೆಕ್ಸಿಂಗ್ ಶೆಡ್ಯೂಲ್’ನಲ್ಲಿ ಎರಡು ದಾರಿ ಇವೆ. ‘ರಿಯಲ್ ಟೈಮ್’ ಆರಿಸಿದರೆ ಸದಾ ಕಾಯುತ್ತ ಇರುತ್ತದೆ, ಹಳೇ ಯಂತ್ರಕ್ಕೆ ಅದು ಬೇಡ. ‘ಕ್ರಾನ್’ (ಗೊತ್ತು ಮಾಡಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಆರಿಸಿ, ನೀವು ಕಂಪ್ಯೂಟರ್ ಆನ್ ಇಟ್ಟು ಬೇರೆ ಕೆಲಸಕ್ಕೆ ಹೋಗುವ ಹೊತ್ತು ಕೊಡಿ, ಮಧ್ಯಾಹ್ನದ ಊಟದ ಹೊತ್ತು ಆದರೂ ಸರಿ. ಆ ಹೊತ್ತಿಗೆ ಯಂತ್ರ ಆಫ್ ಇದ್ದರೆ ಅವತ್ತಿನ ಕೆಲಸ ಆಗುವುದಿಲ್ಲ, ಅಷ್ಟೇ. ಮೊದಲ ಇಂಡೆಕ್ಸ್ ಮಾತ್ರ ಗಂಟೆಗಟ್ಟಲೆ ಹಿಡಿಯಬಹುದು. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಮಧ್ಯಾಹ್ನ ಹಳೇ ಲ್ಯಾಪ್‌ಟಾಪ್ ಮೇಲೆ ಈ ಕೆಲಸ ಹೊರಿಸಬೇಡಿ. ಯಂತ್ರ ಕಾದು ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಕೆಲಸ ಇನ್ನೂ ಉದ್ದವಾಗುತ್ತದೆ. ರಾತ್ರಿ ಬಿಟ್ಟು ಮಲಗಿ. ನಡುವೆ ಕರೆಂಟ್ ಹೋದರೆ ಚಿಂತೆ ಇಲ್ಲ, ಆಗಾಗ ಡಿಸ್ಕಿಗೆ ಬರೆದಿಡುತ್ತ ಹೋಗುತ್ತದೆ. ಮುಂದಿನ ಸಲ ಬರೆದಾಗಿರುವ ಫೈಲ್‌ಗಳನ್ನು ಬಿಟ್ಟು ಉಳಿದದ್ದು ಮಾಡುತ್ತದೆ.

ಇಂಡೆಕ್ಸ್ ಮುಗಿದ ಮೇಲೆ ಮೆನುವಿನಲ್ಲಿ ‘ಮಿಸ್ಸಿಂಗ್ ಹೆಲ್ಪರ್ಸ್’ ಹುಡುಕಿ ಒತ್ತಿ. ಪಿಡಿಎಫ್ ಓದುವುದಕ್ಕೆ ರಿಕಾಲ್‌ಗೆ ಪಾಪ್ಲರ್ ಯುಟಿಲ್ಸ್ ಬೇಕು, 97–2003 ಕಾಲದ ಡಾಕ್ ಫೈಲ್‌ಗೆ ಆಂಟಿವರ್ಡ್ ಬೇಕು. ಯಾವುದು ಇಲ್ಲ ಅಂತ ಅದೇ ಪಟ್ಟಿ ಕೊಡುತ್ತದೆ. ನಮ್ಮ ಕಚೇರಿಗಳಲ್ಲಿ ಹಳೇ ಡಾಕ್ ಫೈಲ್ ಇನ್ನೂ ರಾಶಿ ಇವೆ, ಆಂಟಿವರ್ಡ್ ಮರೆಯಬೇಡಿ.

ಕನ್ನಡದಲ್ಲಿ ಹುಡುಕುವಾಗ ನಕ್ಷತ್ರ ಗುರುತು ಕೈಬಿಡಬೇಡಿ. ಇಂಗ್ಲಿಷ್‌ನಲ್ಲಿ ಒಂದು ಪದ ಕೊಟ್ಟರೆ ಅದರ ಬೇರೆ ರೂಪಗಳನ್ನೂ ರಿಕಾಲ್ ತಾನೇ ಹಿಡಿಯುತ್ತದೆ. ಕನ್ನಡಕ್ಕೆ ಆ ವ್ಯವಸ್ಥೆ ಇಲ್ಲ. ನಮ್ಮಲ್ಲಿ ತೊಗರಿಗೆ, ತೊಗರಿಯ, ತೊಗರಿಯಿಂದ ಅಂತ ಪದದ ಬಾಲ ಬೆಳೆಯುತ್ತಲೇ ಇರುತ್ತದೆ. ‘ತೊಗರಿ’ ಬರೆದು ಕೊನೆಗೆ ನಕ್ಷತ್ರ ಹಾಕಿದರೆ ಎಲ್ಲವೂ ಬರುತ್ತವೆ, ತೊಗರಿಬೇಳೆಯೂ ಬರುತ್ತದೆ.

ಊರಿನ ಹೆಸರಲ್ಲೂ ಎಚ್ಚರ. 2014ರ ನವೆಂಬರ್ 1ಕ್ಕಿಂತ ಹಿಂದಿನ ಸರ್ಕಾರಿ ಕಾಗದದಲ್ಲಿ ಕಲಬುರಗಿ ಅನ್ನುವ ಹೆಸರು ಸಿಗುವುದು ಕಡಿಮೆ, ಗುಲಬರ್ಗಾ ಇರುತ್ತದೆ. ಯಾದಗಿರಿ ಬೇರೆ ಜಿಲ್ಲೆ ಆಗುವ ಮುಂಚಿನ ಕಾಗದಕ್ಕೂ ಅದೇ ಹೆಸರು. 2019ಕ್ಕೆ ಹಿಂದಿನದಾದರೆ ಕಲ್ಯಾಣ ಕರ್ನಾಟಕದ ಬದಲು ಹೈದರಾಬಾದ್ ಕರ್ನಾಟಕ. ಎರಡೂ ಹೆಸರನ್ನು ಕೊಟ್ಟು, ನಡುವೆ ‘ಆರ್’ ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು ಹುಡುಕಿ.

ಹೆಜ್ಜೆ 6: ನುಡಿ, ಬರಹ ಫೈಲ್‌ಗಳು

ರಿಕಾಲ್ ಹಾಕಿ, ಇಂಡೆಕ್ಸ್ ಮುಗಿಸಿ, ‘ಕಲಬುರಗಿ’ ಅಂತ ಹುಡುಕಿದರೆ ಕೆಲವೊಮ್ಮೆ ಒಂದು ಫೈಲೂ ಬರುವುದಿಲ್ಲ. ಫೈಲ್ ತೆರೆದರೆ ಮೊದಲ ಸಾಲಲ್ಲೇ ಕಲಬುರಗಿ ಇರುತ್ತದೆ. ಟೂಲ್ ಕೆಟ್ಟಿಲ್ಲ. ಆ ಫೈಲನ್ನು ‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ. ಅಲ್ಲಿ ಉಳಿದಿರುವುದು ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ಆಕಾರ ತೊಡಿಸುತ್ತದೆ. ನುಡಿಯಲ್ಲಿ ‘ಕ’ ಅಂದರೆ ಒಂದು ದೊಡ್ಡ ‘ಪಿ’, ಅದರ ಪಕ್ಕ ತಲೆಯ ಮೇಲೆ ಎಡಕ್ಕೆ ವಾಲಿದ ಗೀಟು ಇರುವ ಒಂದು ‘ಎ’. ಗೀಟು ಬಲಕ್ಕೆ ವಾಲಿದರೆ ಅದೇ ‘ಕಾ’. ಫಾಂಟ್ ಇಲ್ಲದ ಲಿನಕ್ಸ್‌ನಲ್ಲಿ ಫೈಲ್ ತೆರೆದವರಿಗೆ ಈ ಗೀಟುಗಳ ಜಾತ್ರೆ ಕಂಡಿರುತ್ತದೆ.

ಪರೀಕ್ಷೆ ಸುಲಭ. ಲಿಬ್ರೆಆಫೀಸ್‌ನಲ್ಲಿ ಫೈಲ್ ತೆರೆದು ಒಂದು ಕನ್ನಡ ಪದ ಕಾಪಿ ಮಾಡಿ, ಟೆಕ್ಸ್ಟ್ ಎಡಿಟರ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಯುನಿಕೋಡ್ (ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಇಡುವ ಈಗಿನ ಪದ್ಧತಿ), ಚಿಂತೆ ಇಲ್ಲ. ಗೀಟುಗಳು ಬಂದರೆ ಹಳೇ ಫಾಂಟ್.

ಆ ಗೀಟುಗಳನ್ನೇ ಕಾಪಿ ಮಾಡಿ ರಿಕಾಲ್‌ನಲ್ಲಿ ಹುಡುಕಬಹುದಲ್ಲ ಅಂತ ಕೇಳುತ್ತೀರಿ. ಹುಡುಕಬಹುದು, ಆದರೆ ಬೇಡದ್ದೂ ಬರುತ್ತದೆ. ಏಕೆಂದರೆ ರಿಕಾಲ್ ಅಕ್ಷರದ ಮೇಲಿನ ಗೀಟು ಅಳಿಸಿ, ದೊಡ್ಡಕ್ಷರವನ್ನು ಸಣ್ಣ ಮಾಡಿ ಇಂಡೆಕ್ಸ್‌ಗೆ ಹಾಕುತ್ತದೆ. ಫ್ರೆಂಚ್ ಬರೆಯುವವರಿಗೆ ಅದು ಅನುಕೂಲ. ನಮ್ಮ ನುಡಿ ಫೈಲ್‌ನಲ್ಲಿ ಮಾತ್ರ ‘ಕ’ ಮತ್ತು ‘ಕಾ’ ಒಂದೇ ಆಗಿಬಿಡುತ್ತವೆ. ತುರ್ತಿಗೆ ಸರಿ, ದಿನಾ ಬಳಸುವುದಕ್ಕಲ್ಲ.

ದಿನಾ ಬೇಕಾಗುವ ಫೈಲ್‌ಗಳನ್ನು ಯುನಿಕೋಡ್‌ಗೆ ಬದಲಾಯಿಸಿ ಇಡುವುದೇ ಸರಿ. ಬದಲಾಯಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಹಳೇ ಫೈಲ್ ಅಳಿಸಬೇಡಿ. ಕನ್ವರ್ಟರ್ ಕೆಲವು ಒತ್ತಕ್ಷರಗಳಲ್ಲಿ ತಪ್ಪಬಹುದು, ಮತ್ತು ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಎಲ್ಲವನ್ನೂ ಬದಲಾಯಿಸಲು ಆಗದಿದ್ದರೆ ಫೈಲಿನ ಹೆಸರನ್ನಾದರೂ ಯುನಿಕೋಡ್ ಕನ್ನಡದಲ್ಲಿ ಇಡಿ, ಎಫ್‌ಸರ್ಚ್ ಹುಡುಕಿಕೊಡುತ್ತದೆ.

ಹೆಜ್ಜೆ 7: ಸ್ಕ್ಯಾನ್ ಮಾಡಿದ ಕಾಗದ

ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ ಪಿಡಿಎಫ್ ಅಂದರೆ ಫೋಟೊ. ಅದರಲ್ಲಿ ಪದ ಇಲ್ಲ, ಹಾಗಾಗಿ ಯಾವ ಟೂಲ್‌ಗೂ ಸಿಗುವುದಿಲ್ಲ. 371ಜೆ ಸರ್ಟಿಫಿಕೇಟ್, ಜಾತಿ ಆದಾಯ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್ ಇಂಥವಕ್ಕೆ ಒಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರವನ್ನು ಓದಿ ಬರಹ ಮಾಡುವ ಗೋಜೇ ಬೇಡ. ಇರುವುದು ಹತ್ತಿಪ್ಪತ್ತು ಫೈಲ್. ಕೂತು ಹೆಸರು ಬದಲಾಯಿಸಿ: ಕಾಗದ ಯಾವುದು, ಯಾರದು, ಯಾವ ವರ್ಷದ್ದು. ಎಕ್ಸ್‌ಎಫ್‌ಸಿಇ ಇದ್ದರೆ ಥುನಾರ್‌ನ ‘ಬಲ್ಕ್ ರಿನೇಮ್’ನಲ್ಲಿ ಒಟ್ಟಿಗೆ ಮಾಡಬಹುದು.

ಸ್ಕ್ಯಾನ್ ಮಾಡಿದ ಪುಸ್ತಕ, ಹಳೇ ಗೆಜೆಟ್, ನೂರಾರು ಪುಟದ ಆದೇಶ ಇದ್ದರೆ ಒಸಿಆರ್‌ಮೈಪಿಡಿಎಫ್ ಹಾಕಿ. ಅದು ಟೆಸರಾಕ್ಟ್ ಅನ್ನುವ ಒಸಿಆರ್ ಎಂಜಿನ್ ಬಳಸಿ ಚಿತ್ರದ ಹಿಂದೆ ಕಾಣದ ಬರಹದ ಪದರ ಸೇರಿಸುತ್ತದೆ, ಆಮೇಲೆ ರಿಕಾಲ್ ಅದನ್ನು ಓದುತ್ತದೆ. ಟೆಸರಾಕ್ಟ್‌ನ ಕನ್ನಡ ಪ್ಯಾಕೇಜ್ ಬೇರೆಯಾಗಿ ಹಾಕಬೇಕು, ಅದರ ಗುರುತು ಕೆ, ಎ, ಎನ್. ನಮ್ಮ ಕಡೆ ಕಾಗದಗಳಲ್ಲಿ ಉರ್ದು, ಮರಾಠಿ, ತೆಲುಗು ಕೂಡ ಸಿಗುತ್ತವೆ, ಅವುಗಳ ಪ್ಯಾಕೇಜ್‌ಗಳೂ ಇವೆ. ಕಮಾಂಡ್ ಹೀಗೆ: ಒಸಿಆರ್‌ಮೈಪಿಡಿಎಫ್, ಹೈಫನ್ ಎಲ್, ಭಾಷೆಗಳ ಗುರುತು ನಡುವೆ ಪ್ಲಸ್ ಹಾಕಿ, ಆಮೇಲೆ ಹಳೇ ಫೈಲಿನ ಹೆಸರು, ಕೊನೆಗೆ ಹೊಸ ಫೈಲಿನ ಹೆಸರು. ಅಚ್ಚಾದ ಅಕ್ಷರ ಪರವಾಗಿಲ್ಲ ಅನ್ನುವಷ್ಟು ಬರುತ್ತದೆ. ಕೈಬರಹ ಮತ್ತು ಸೀಲಿನ ಕೆಳಗಿನ ಅಕ್ಷರದ ಆಸೆ ಬಿಡಿ.

ಹೆಜ್ಜೆ 8: ಎರಡೆರಡು ಬೇಡ

ರಿಕಾಲ್ ಹಾಕಿದ ಮೇಲೆ ಡೆಸ್ಕ್‌ಟಾಪ್‌ನ ಸ್ವಂತ ಇಂಡೆಕ್ಸರ್ ನಿಲ್ಲಿಸಿ. ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಅದರ ಹೆಸರು ಬಲೂ. ಸಿಸ್ಟಮ್ ಸೆಟ್ಟಿಂಗ್ಸ್‌ನ ‘ಫೈಲ್ ಸರ್ಚ್’ನಲ್ಲಿ ಟಿಕ್ ತೆಗೆಯಿರಿ. ಅಥವಾ ಹೆಸರು ಮಾತ್ರ ಇಂಡೆಕ್ಸ್ ಮಾಡಲಿ ಅಂತ ಬಿಟ್ಟರೆ ಎಫ್‌ಸರ್ಚ್ ಕೂಡ ಬೇಕಾಗುವುದಿಲ್ಲ. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಅದು ಟ್ರ್ಯಾಕರ್, 2024ರಿಂದ ಲೋಕಲ್‌ಸರ್ಚ್ ಅನ್ನುವ ಹೆಸರಿದೆ. ಸೆಟ್ಟಿಂಗ್ಸ್‌ನ ‘ಸರ್ಚ್’ನಲ್ಲಿ ಹುಡುಕುವ ಜಾಗಗಳನ್ನು ಕಡಿಮೆ ಮಾಡಿ.

ಹಂಚಿಕೊಂಡ ಯಂತ್ರಕ್ಕೆ ಒಂದು ಎಚ್ಚರಿಕೆ

ಡಿಟಿಪಿ ಸೆಂಟರ್, ಝೆರಾಕ್ಸ್ ಅಂಗಡಿ, ಕಾಲೇಜಿನ ಕಚೇರಿ ಇಂಥ ಕಡೆ ಒಂದೇ ಯಂತ್ರ ನಾಲ್ಕು ಜನ ಬಳಸುತ್ತಾರೆ. ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್ ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುತ್ತವೆ. ರಿಕಾಲ್ ಬರೀ ಪದಗಳ ಪಟ್ಟಿ ಇಡುವುದಿಲ್ಲ, ಈಗಿನ ಆವೃತ್ತಿಗಳು ಫೈಲಿನ ಬರಹದ ಪ್ರತಿಯನ್ನೂ ಇಂಡೆಕ್ಸ್‌ನಲ್ಲಿ ಇಟ್ಟುಕೊಳ್ಳುತ್ತವೆ. ನೀವು ಫೈಲ್ ಅಳಿಸಿದರೂ ಮುಂದಿನ ಇಂಡೆಕ್ಸ್ ಓಡುವ ತನಕ ಅದರ ಮಾತು ಅಲ್ಲೇ ಇರುತ್ತದೆ. ಹಾಗಾಗಿ ಅಂಗಡಿಯ ಯಂತ್ರದಲ್ಲಿ ಡೌನ್‌ಲೋಡ್ಸ್ ಫೋಲ್ಡರನ್ನು ರಿಕಾಲ್‌ಗೆ ಎಂದೂ ಸೇರಿಸಬೇಡಿ. ಯಂತ್ರ ಮಾರುವಾಗ ಅಥವಾ ಬೇರೆಯವರಿಗೆ ಕೊಡುವಾಗ ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಎಚ್ ಒತ್ತಿ, ಅಡಗಿರುವ ಫೋಲ್ಡರುಗಳಲ್ಲಿ ಚುಕ್ಕೆಯಿಂದ ಶುರುವಾಗುವ ‘ರಿಕಾಲ್’ ಫೋಲ್ಡರ್ ಹುಡುಕಿ ಪೂರ್ತಿ ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ.